ಬೀರದೇವರ ಮುಂದೆ ಬಗ್ಗಲಾಗದೆ ಹೋದ ದಿನ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನನಗೆ ಬೆನ್ನು ನೋವು ಬಂತು. ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ, ಸರಿಯಾಗಿ ಮೂಳೆಯ ಮೇಲೆ. ನಾನು ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಬೇರೆಯವರಾಗಿದ್ದರೆ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ಹಾಗೆ ಸುಮ್ಮನಿರಲು ಆಗಲಿಲ್ಲ. ಅದಕ್ಕೂ ನಾಲ್ಕು ವರ್ಷದ ಹಿಂದೆ ನನಗೆ ಎದೆಯ ಕ್ಯಾನ್ಸರ್ ಆಗಿತ್ತು.

ನನ್ನ ಹೆಸರು ಹಾಲಮ್ಮ. ಶಿಕಾರಿಪುರದಿಂದ ಒಳಗೆ, ಅಂಬ್ಲಿಗೊಳ ಡ್ಯಾಮಿನ ಚಾನಲ್ ನೀರು ಬರುವ ಒಂದು ಹಳ್ಳಿ ನಮ್ಮದು. ಸ್ವಲ್ಪ ಜಮೀನು, ಎಂಬತ್ತು ಕುರಿ. ತಲೆತಲಾಂತರದಿಂದ ಬೀರದೇವರ ಒಕ್ಕಲು. ಶಿವಮೊಗ್ಗದಲ್ಲಿ ನನಗೆ ಆಪರೇಷನ್ ಆಯಿತು, ಕೀಮೋ ಆಯಿತು, ಕರೆಂಟು ಅನ್ನುತ್ತಾರಲ್ಲ, ಆ ರೇಡಿಯೇಷನ್ನೂ ಕೊಟ್ಟರು. ಆಮೇಲೆ ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರಬೇಕು. ಎಲ್ಲೇ ಆಗಲಿ ಹೊಸ ನೋವು ಬಂದು ಎರಡು ವಾರ ಬಿಡದಿದ್ದರೆ ತಾರೀಖು ಕಾಯಬೇಡಿ, ಬಂದುಬಿಡಿ ಅಂತ ಡಾಕ್ಟರು ಹೇಳಿದ್ದರು. ನಾನು ಆಯಿತು ಅಂದಿದ್ದೆ.

ನೋವು ಎರಡು ತಿಂಗಳಾದರೂ ಬಿಡಲಿಲ್ಲ. ನಾನು ಹೋಗಲಿಲ್ಲ.

ಅದಕ್ಕೆ ಕಾರಣ ಸೊರಬದ ಸಾವಿತ್ರಮ್ಮ. ಕೀಮೋ ಕೊಡುವಾಗ ಅವರದೂ ನನ್ನದೂ ಅಕ್ಕಪಕ್ಕದ ಮಂಚ. ಎರಡು ವರ್ಷ ಚೆನ್ನಾಗಿದ್ದರು. ಆಮೇಲೆ ಬೆನ್ನು ನೋವು ಅಂದರು. ಮೂಳೆಗೆ ಹರಡಿದೆ ಅಂತ ಗೊತ್ತಾಗಿ ಆರು ತಿಂಗಳಲ್ಲಿ ತೀರಿಕೊಂಡರು. ನನಗೆ ನೋವು ಬರುವುದಕ್ಕೆ ಮುಂಚಿನ ಚಳಿಗಾಲದಲ್ಲಿ ನಮ್ಮ ಮನೆಯವರು ಕುರಿ ಹೊಡೆದುಕೊಂಡು ಸೊರಬದ ಕಡೆ ಹೋಗಿದ್ದರು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸುತ್ತಾರೆ. ಮರಿ ಹಾಕುವ ಕಾಲವಾದ್ದರಿಂದ ನಾನೂ ಹೋಗಿ ಇಪ್ಪತ್ತು ದಿನ ಇದ್ದೆ. ಒಂದು ದಿನ ಸಾವಿತ್ರಮ್ಮನ ಮನೆಗೆ ಹೋಗಿ ಅವರ ಫೋಟೋಗೆ ಹೂವು ಹಾಕಿ ಬಂದೆ. ಊರಿಗೆ ವಾಪಸ್ ಬಂದು ತಿಂಗಳೊಳಗೆ ನನಗೂ ಬೆನ್ನು ನೋವು.

ಸೋಮವಾರ ಸೋಮವಾರ ದೇವಸ್ಥಾನಕ್ಕೆ ಹೋಗಿ ಒಂದೇ ಕೇಳಿಕೊಳ್ಳುತ್ತಿದ್ದೆ. ಇದು ಆ ಕಾಯಿಲೆ ಆಗಿರಬಾರದು. ಆಗಿದ್ದರೂ ನನಗೆ ಗೊತ್ತಾಗಬಾರದು. ಶಿವರಾತ್ರಿ ಸುಮಾರಿಗೆ ಆಸ್ಪತ್ರೆಯ ತಾರೀಖು ಬಂತು. ಡಾಕ್ಟರು ರಜೆಯಂತೆ ಅಂತ ಮನೆಯಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅಷ್ಟರಲ್ಲಿ ದಿನಾ ಸಂಜೆಯಾದರೆ ಚಳಿ, ಆಮೇಲೆ ಸೀರೆ ಒದ್ದೆಯಾಗುವಷ್ಟು ಬೆವರು. ಅದನ್ನೂ ಯಾರಿಗೂ ಹೇಳಲಿಲ್ಲ.

ಯುಗಾದಿ ಆದ ಮೊದಲ ಸೋಮವಾರ ನಮ್ಮ ಪೂಜಾರಿ ಬೀರಪ್ಪಜ್ಜ ಭಂಡಾರದ ಅರಿಶಿನ ಹಚ್ಚಲು ಕೈ ಚಾಚಿದರು. ಅವರು ಗದ್ದಿಗೆಯ ಹತ್ತಿರ ಕೂತಿದ್ದರು. ನಾನು ಬಗ್ಗಬೇಕಿತ್ತು, ಆಗಲಿಲ್ಲ. ಕಂಬ ಹಿಡಿದುಕೊಂಡು ಹಾಗೇ ನಿಂತೆ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದರು. ಹೇಳಿದೆ. ಅವರೇ ಎದ್ದು ಬಂದು ಹಣೆಗೆ ಭಂಡಾರ ಹಚ್ಚಿದರು.

"ದೇವರ ಮುಂದೆ ಬಗ್ಗಾಕೆ ಆಗದಷ್ಟು ನೋವು ಇಟ್ಕೊಂಡು ಇಲ್ಲಿಗೆ ಬಂದೀಯಲ್ಲ ತಾಯಿ. ಮೊದ್ಲು ಆಸ್ಪತ್ರೆಗೆ ಹೋಗು. ದೇವರು ಇಲ್ಲೇ ಇರ್ತಾನೆ, ಎಲ್ಲಿಗೂ ಹೋಗಲ್ಲ."

ಮನೆಗೆ ಬಂದು ಮಗಳು ರೇಣುಕಾಗೆ ಫೋನ್ ಮಾಡಿದೆ. ಅವಳನ್ನು ಶಿಕಾರಿಪುರ ಪೇಟೆಯಲ್ಲೇ ಕೊಟ್ಟಿದ್ದೇವೆ. ತಾರೀಖು ತಪ್ಪಿಸಿದ್ದು ಕೇಳಿ ಅವಳು ಬಯ್ಯಲಿಲ್ಲ. ಮರುದಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು.

ಎಂಆರ್‌ಐ ಮಾಡಿಸಿದರು. ಬೆನ್ನಿನ ಎರಡು ಮೂಳೆ ಹಾಳಾಗಿದ್ದವು. ಹಳೆ ಕಾಯಿಲೆ ಇರುವುದರಿಂದ ಮೊದಲ ಅನುಮಾನ ಅದರ ಮೇಲೇ, ಆದರೆ ಸೂಜಿ ಹಾಕಿ ಚೂರು ತೆಗೆದು ನೋಡುವ ತನಕ ಖಂಡಿತ ಹೇಳಲಾರೆ ಅಂತ ಡಾಕ್ಟರು ಅಂದರು. ಸೂಜಿ ಹಾಕಿದರು. ವಾರದ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಕಾಣಿಸಿಲ್ಲ, ಆದರೆ ತೆಗೆದ ಚೂರು ಸಾಲದು, ಇಲ್ಲ ಅಂತ ಹೇಳಲೂ ಆಗುವುದಿಲ್ಲ. ಅಡ್ಮಿಟ್ ಆಗಿ, ಇನ್ನೊಮ್ಮೆ ತೆಗೆಯಬೇಕು ಅಂದರು ಡಾಕ್ಟರು.

ಅಲ್ಲಿಗೆ ನಾನು ಬಿಟ್ಟುಬಿಟ್ಟೆ. ಅಳು ಬರಲಿಲ್ಲ. ದೇವರನ್ನೂ ನೆನೆಯಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ. ಮನಸ್ಸು ಬರೀ ಖಾಲಿ ಇತ್ತು.

ಅಡ್ಮಿಟ್ ಆದ ಎರಡನೇ ಸಂಜೆ ಚಳಿ ಜಾಸ್ತಿಯಾಯಿತು. ಆಸ್ಪತ್ರೆಯ ಹೊದಿಕೆ ಸಾಲದೆ ರೇಣುಕಾ ಮನೆಯಿಂದ ತಂದಿದ್ದ ಕಂಬಳಿ ಹೊದಿಸಿದಳು. ಆಗ ರೌಂಡ್ಸಿಗೆ ಬಂದವರು ದಿನಾ ಬರುವ ಡಾಕ್ಟರಲ್ಲ, ಅವರ ಬದಲಿಗೆ ಬಂದ ಇನ್ನೊಬ್ಬ ಮೇಡಂ. ಫೈಲು ನೋಡುವ ಮೊದಲು ಕಂಬಳಿಯ ಅಂಚು ಹಿಡಿದು ನೋಡಿದರು. ಅವರ ಅಜ್ಜನ ಮನೆಯಲ್ಲೂ ಇಂಥದ್ದೇ ಇತ್ತಂತೆ.

"ಕುರಿ ಸಾಕಿದೀರೇನಮ್ಮ?" ಅಂದರು.

"ಹೂಂ ರೀ, ಎಂಬತ್ತು ಅದಾವೆ."

"ಈ ಸಲ ಯಾವುದಾದ್ರೂ ಕಂದು ಹಾಕಿದ್ವಾ?"

ದಿನ ತುಂಬುವ ಮೊದಲೇ ಸತ್ತ ಮರಿ ಬಿದ್ದರೆ ಕುರಿ ಕಂದು ಹಾಕಿತು ಅನ್ನುತ್ತೇವೆ. ಸೊರಬದ ಗದ್ದೆಯಲ್ಲಿದ್ದಾಗ ಒಂಬತ್ತು ಕುರಿ ಹಾಗೆ ಹಾಕಿದ್ದವು. ಹೇಳಿದೆ.

"ಅದನ್ನೆಲ್ಲ ಎತ್ತಿದ್ದು ಯಾರು?"

"ನಾನೇ ರೀ. ಬರಿಗೈಲಿ."

ಅವರು ನನ್ನ ಕಾಲ ಬಳಿ ಮಂಚದ ಮೇಲೆ ಕೂತುಬಿಟ್ಟರು. ಸಂಜೆ ಜ್ವರ ಯಾವಾಗಿನಿಂದ, ಬೆವರು ಎಷ್ಟು, ಎಲ್ಲ ಕೇಳಿ ಬರೆದುಕೊಂಡರು. ಕುರಿ ಹೀಗೆ ಕಂದು ಹಾಕುವುದು ಒಂದು ಸೋಂಕಿನಿಂದ, ಅಂಥ ಮರಿಯನ್ನು ಬರಿಗೈಲಿ ಮುಟ್ಟಿದರೆ ಅದು ಮನುಷ್ಯರಿಗೂ ಬರುತ್ತದೆ, ಬಂದರೆ ಬೆನ್ನುಮೂಳೆಯಲ್ಲಿ ಹೋಗಿ ಕೂರುವುದುಂಟು ಅಂದರು. ಆಗಲೇ ರಕ್ತ ತೆಗೆಸಿದರು. ರಕ್ತದಲ್ಲೂ ಅದೇ ಬಂತು, ಎರಡನೇ ಸಲ ತೆಗೆದ ಚೂರಿನಲ್ಲೂ ಅದೇ ಬಂತು. ಕ್ಯಾನ್ಸರ್ ಇರಲಿಲ್ಲ. ಮೊದಲಿನ ಡಾಕ್ಟರೇ ಬಂದು, "ಇದು ಔಷಧಿಯಿಂದ ವಾಸಿಯಾಗೋ ಕಾಯಿಲೆ ಹಾಲಮ್ಮ, ಒಂದು ಮಾತ್ರೆನೂ ತಪ್ಪಿಸಬಾರದು" ಅಂದರು. ರೇಣುಕಾ ಬಾಗಿಲ ಹೊರಗೆ ಹೋಗಿ ಅತ್ತಳು. ನಾನು ಕಂಬಳಿ ಮಡಚಿದೆ.

ಮೂರು ವಾರ ಇಂಜೆಕ್ಷನ್, ನಾಲ್ಕು ತಿಂಗಳು ಮಾತ್ರೆ. ಮೊದಲು ಜ್ವರ ನಿಂತಿತು, ನೋವು ನಿಧಾನಕ್ಕೆ ಹೋಯಿತು. ಮನೆಯವರಿಗೂ ಮಂಡಿ ನೋವು, ಮೈ ಬಿಸಿ ಇತ್ತು. ಬಿಸಿಲಿನದು ಅಂತ ಅವರೂ ಸುಮ್ಮನಿದ್ದರು. ಅವರ ರಕ್ತದಲ್ಲೂ ಬಂತು, ಅವರಿಗೂ ಮಾತ್ರೆ ಕೊಟ್ಟರು. ಪಶು ಡಾಕ್ಟರು ಬಂದು ಎಲ್ಲ ಕುರಿಗಳ ರಕ್ತ ನೋಡಿ, ರೋಗ ಇದ್ದ ಹತ್ತೊಂಬತ್ತನ್ನು ಹಿಂಡಿನಿಂದ ತೆಗೆಸಿದರು. ಇನ್ನೊಬ್ಬರಿಗೆ ಮಾರುವಂತಿರಲಿಲ್ಲ. ಆ ದಿನ ಮನೆಯವರು ಊಟ ಮಾಡಲಿಲ್ಲ. ಈಗ ಮರಿ ಹಾಕಿಸುವಾಗ ಇಬ್ಬರೂ ಗ್ಲೌಸ್ ಹಾಕಿಕೊಳ್ಳುತ್ತೇವೆ.

ವಾಸಿ ಮಾಡಿದ್ದು ಡಾಕ್ಟರು, ದೇವರು ಏನು ಮಾಡಿದ ಅಂತ ಕೆಲವರು ಕೇಳಿದರು. ನನಗೆ ವಾದ ಮಾಡಲು ಬರುವುದಿಲ್ಲ. ಗೊತ್ತಾಗಬಾರದು ಅಂತ ನಾನು ಬೇಡಿಕೊಂಡೆ, ಆತ ಅದನ್ನು ನಡೆಸಿಕೊಡಲಿಲ್ಲ. ನಡೆಸಿಕೊಟ್ಟಿದ್ದರೆ ನಾನೂ ಮನೆಯವರೂ ಇವತ್ತು ಹೇಗಿರುತ್ತಿದ್ದೆವೋ. ನಾನು ನೆನೆಯದೇ ಇದ್ದ ದಿನವೂ ಆತ ನನ್ನನ್ನು ನೆನೆದ. ನನ್ನ ನಂಬಿಕೆ ಇಷ್ಟೇ, ಮೊದಲಿಗಿಂತ ಗಟ್ಟಿಯಾಗಿದೆ.

ದೀಪಾವಳಿ ಆದ ಮೇಲೆ ತಾರೀಖಿನ ದಿನವೇ ಹೋಗಿ ತೋರಿಸಿಕೊಂಡು ಬಂದೆ. ಎರಡೂ ಕಾಯಿಲೆ ಇಲ್ಲ, ಆರು ತಿಂಗಳು ಬಿಟ್ಟು ಬಾ ಅಂದರು. ವಾಪಸ್ ಬರುವಾಗ ಬಸ್ಸು ತುಂಬಿತ್ತು, ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಪಕ್ಕದ ಹೆಂಗಸಿನ ಜೊತೆ ಅವರ ಸೊಸೆಯ ಬಾಣಂತನದ ವಿಚಾರ ಮಾತಾಡುತ್ತಾ ಬಂದೆ. ಶಿಕಾರಿಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೊಳೆಯಿತು, ಶಿವಮೊಗ್ಗದಿಂದ ಅಲ್ಲಿಯ ತನಕ ನಿಂತೇ ಬಂದಿದ್ದೆ, ಬೆನ್ನು ಅಂತ ಒಂದಿದೆ ಅನ್ನುವುದೇ ನೆನಪಾಗಿರಲಿಲ್ಲ. ಜನ ನೋಡುತ್ತಿದ್ದರೂ ಅಲ್ಲೇ ಚೀಲ ಕೆಳಗಿಟ್ಟು ಕೈ ಮುಗಿದೆ.