ಗರಗಸಕ್ಕೆ ಸುತ್ತಿದ ದಾರ

ಕಳೆದ ಮಹಾನವಮಿಗೆ ರಾಯಚೂರಿನ ನನ್ನ ಫರ್ನಿಚರ್ ಅಂಗಡಿ ಮುಚ್ಚಿ ದೇವದುರ್ಗದ ಮನೆಗೆ ಹೋಗಿದ್ದೆ. ನಮ್ಮದು ಬಡಿಗತನದ ಮನೆತನ. ಆಯುಧ ಪೂಜೆಯಲ್ಲಿ ಮೊದಲ ಮರ್ಯಾದೆ ಅಜ್ಜನ ಕಾಲದ ಕೈಗರಗಸಕ್ಕೆ. ಪ್ರತಿ ವರ್ಷ ಅದರ ಹಿಡಿಗೆ ಹೊಸ ಅರಿಶಿನ ದಾರ ಸುತ್ತುತ್ತೇವೆ, ಹಳೆಯದನ್ನು ಬಿಚ್ಚುವುದಿಲ್ಲ. ಹೀಗಾಗಿ ಹಿಡಿಯೇ ಕಾಣದಷ್ಟು ದಾರ ತುಂಬಿಕೊಂಡಿತ್ತು.

"ಇಂಗ್ಲೆಂಡಿಂದು ಇದು. ನಿಜಾಮನ ಕಾಲದಾಗ ನಮ್ಮಪ್ಪ ಹೈದರಾಬಾದಿನಿಂದ ತಂದದ್ದು" ಎಂದು ಅಪ್ಪ ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದರು. ಮಾನ್ವಿಯಿಂದ ಬಂದಿದ್ದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಆ ದಿನ ಸುಮ್ಮನಿರಲಿಲ್ಲ.

"ಅಲಗು ಎಲ್ಲಿಂದರ ಬರ್ಲಿ, ಹಿಡಿ ನಮ್ಮವ್ವ ಮಾಡಿದ್ದು. ಮಾಳಿಗಿ ತೊಲಿ ಏರಿಸೋವಾಗ ಬಿದ್ದು ನಮ್ಮಪ್ಪ ಕೈ ಮುರಕೊಂಡಿದ್ದ. ನಾ ಆಗ ಅವ್ವನ ಹೊಟ್ಟ್ಯಾಗಿದ್ದೆ, ಮುಂದ ಆಕೀನ ನನಗ ಹೇಳಿದ್ಲು. ಹಳೇ ಹಿಡಿ ತನ್ನ ಕೈಗೆ ಕೂಡಲಿಲ್ಲಂತ ಹೊಸಾದು ಕೆತ್ತಿ, ಆಕೀನ ಕಟ್ಟಿಗಿ ಕೊರದು ಮನಿ ನಡಿಸ್ಯಾಳ."

"ಹೆಣ್ಮಗಳು ಗರಗಸ ಹಿಡೀತಾಳೇನಕ್ಕಾ?" ಅಪ್ಪ ನಕ್ಕರು.

ಅತ್ತೆಯ ಕಣ್ಣು ತುಂಬಿದವು. "ಸಾಯೋತನಕ ಹೇಳ್ತೀನಿ. ನೀವು ನಂಬಬ್ಯಾಡ್ರಿ."

ನನಗೆ ಸಂಕಟವಾಯಿತು. ದಾರ ಬಿಚ್ಚಿಯೇ ನೋಡೋಣ ಎಂದೆ. ಅಪ್ಪ ಅಪಶಕುನವೆಂದು ಕೂಗಾಡಿದರು. "ಬಿಚ್ಚಪಾ, ಪಾಪ ನನಗಿರ್ಲಿ" ಎಂದರು ಅತ್ತೆ.

ಮೊದಲು ಅಲಗು ಒರೆಸಿ ಕಂಪನಿಯ ಮುದ್ರೆ ಹುಡುಕಿದೆ. ನಾವೇ ವರ್ಷ ವರ್ಷ ಬಳಿದ ಕುಂಕುಮದ ನೀರಿಗೆ ತುಕ್ಕು ಹಿಡಿದು, ಒಂದೆರಡು ಇಂಗ್ಲಿಷ್ ಅಕ್ಷರ ಮಾತ್ರ ಉಳಿದಿದ್ದವು. ಅಪ್ಪ ಮೀಸೆ ತಿರುವಿದರು. ಆಮೇಲೆ ದಾರ ಕತ್ತರಿಸಿದೆ. ಒಳಗಿದ್ದದ್ದು ನಮ್ಮ ಕಡೆಯ ಜಾಲಿ ಕಟ್ಟಿಗೆ, ಮೈತುಂಬ ಉಳಿಯ ಗುರುತು. ಕಾರ್ಖಾನೆಯ ಹಿಡಿ ಅಲ್ಲವೇ ಅಲ್ಲ. ನನ್ನ ಬೆರಳು ಹಿಡಿಯ ನಡುವಿನ ಸಣ್ಣ ಕಂಡಿಯೊಳಗೆ ಹೋಗಲಿಲ್ಲ, ಅಪ್ಪನವೂ ಹೋಗಲಿಲ್ಲ. ಹೆಬ್ಬೆರಳಿಗೆಂದು ಕೆತ್ತಿದ ತಗ್ಗು ಎಡಗೈಯವರಿಗೆ ಬೇಕಾದ ಬದಿಗಿತ್ತು.

ಅತ್ತೆ ಎಡಚಿ. ಅವರು ಎಡಗೈ ಚಾಚಿದರು. ಹಿಡಿ ಆ ಕೈಗೆಂದೇ ಮಾಡಿದಂತೆ ಕೂತಿತು.

"ಅವ್ವನೂ ಎಡಚಿ..." ಎಂದರು ಅಪ್ಪ. ಹೊಸ ದಾರ ತಂದು ಅತ್ತೆಯ ಮುಂದೆ ಹಿಡಿದರು. "ನೀನ ಕಟ್ಟಕ್ಕಾ."

ಅಲಗು ಮಾಡಿದ ಕಂಪನಿ ಯಾವುದೋ ಇಂದಿಗೂ ಗೊತ್ತಿಲ್ಲ. ಹಿಡಿಯ ವಯಸ್ಸು ಗೊತ್ತು, ಅತ್ತೆಗಿಂತ ಕೆಲವೇ ತಿಂಗಳು ದೊಡ್ಡದು. ಬಸುರಿ ಹೆಂಗಸು ಆ ಗಟ್ಟಿ ಜಾಲಿಯನ್ನು ಕೈಗೆ ಅಷ್ಟು ಒಪ್ಪುವಂತೆ ಹೇಗೆ ಕೆತ್ತಿದಳೋ! ಮಷೀನಿಟ್ಟುಕೊಂಡ ನನಗೆ ಅದು ಬರುವುದಿಲ್ಲ. ನಾನು ನೋಡಿರದ ಅಜ್ಜಿಯ ಮೇಲೆ ಈಗ ಎಂಥದೋ ಅಭಿಮಾನ.

ಮೊನ್ನೆ ಊರಿಗೆ ಹೋದಾಗ ಅಪ್ಪ ಯಾರಿಗೋ ಗರಗಸ ತೋರಿಸುತ್ತಿದ್ದರು. ಇಂಗ್ಲೆಂಡಿನ ಸುದ್ದಿಯೇ ಇರಲಿಲ್ಲ.

"ಇದು ನಮ್ಮವ್ವಂದ್ರೀ" ಎನ್ನುತ್ತಿದ್ದರು.