ಪರಿಣಾಮವೆಂಬ ಪದವನ್ನು ಕುರಿತು

ಈ ಮೂಲಕ ತಿಳಿಸಬಯಸುವುದೇನೆಂದರೆ, ನಾನು ತಮಿಳುನಾಡಿನ ಕೊಳತ್ತೂರಿನ ಸಮೀಪದ ಸರ್ಕಾರಿ ಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೇನೆ. ನನ್ನ ಓದು, ಅರ್ಜಿ, ವರದಿ ಎಲ್ಲವೂ ತಮಿಳಿನಲ್ಲೇ ನಡೆದಿರುವುದರಿಂದಲೂ, ಕನ್ನಡ ಅಕ್ಷರಗಳನ್ನು ತಂದೆಯವರಿಂದ ಮನೆಯಲ್ಲಿ ಕಲಿತಿರುವುದರಿಂದಲೂ, ತಪ್ಪಿದ್ದಲ್ಲಿ ಮನ್ನಿಸಬೇಕು.

ನಮ್ಮಲ್ಲಿ ಪಾಠ ತಮಿಳಿನಲ್ಲಿ ನಡೆಯುತ್ತದೆ. ಕುರಿ ಸಾಕುವ ಮನೆಗಳಿಂದ ಬರುವ ಮಕ್ಕಳ ಮನೆಮಾತು, ನನ್ನದರಂತೆಯೇ, ಕನ್ನಡ. ಜೀವವಿಕಾಸಕ್ಕೆ ತಮಿಳು ಪಠ್ಯಪುಸ್ತಕದಲ್ಲಿರುವ ಪದ ‘ಪರಿಣಾಮಂ’. ಅದೇ ಪದ ಕನ್ನಡದ ಕಿವಿಗೆ ಬೇರೆಯಾಗಿ ಕೇಳಿಸೀತೆಂದು ನನಗೆ ಹೊಳೆದಿರಲಿಲ್ಲ.

ಪಾಠ ಆರಂಭಿಸಿದ ಮರುದಿನದಿಂದ ಒಬ್ಬ ವಿದ್ಯಾರ್ಥಿನಿ ಗೈರುಹಾಜರಾದಳು. ತರಗತಿಯಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ಅವಳೇ. ಆ ಪಾಠ ನಿಲ್ಲಿಸುವವರೆಗೆ ಅವಳನ್ನು ಕಳುಹಿಸುವುದಿಲ್ಲವೆಂದು ಅವಳ ತಾತ ಹೇಳಿಕಳುಹಿಸಿದ್ದರು. ಅದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಮುಂದೆ ಹೋಗುವಂತೆ ಮುಖ್ಯೋಪಾಧ್ಯಾಯಿನಿಯವರು ನನಗೆ ಸೂಚಿಸಿದರು. ಪಾಠವನ್ನೂ ಬಿಡುವುದಿಲ್ಲ, ಹುಡುಗಿಯನ್ನೂ ಬಿಡುವುದಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸಿ, ಅಂದು ಸಂಜೆ ಅವಳ ಮನೆಗೆ ಹೋದೆನು.

ತಾತ ಅಂಗಳದಲ್ಲಿ ಕುರಿಯೊಂದರ ಗೊರಸು ನೋಡುತ್ತಿದ್ದರು. ಪಕ್ಕದಲ್ಲಿ ರೇಡಿಯೋ ಕನ್ನಡದಲ್ಲಿ ಹಾಡುತ್ತಿತ್ತು.

‘ಕೋತಿ ಟೀಚರು ಬಂದವ್ರೆ, ಚೇರ್ ಆಕ್ರಲಾ!’ ಎಂದು ಒಳಗೆ ಕೂಗಿದರು.

‘ಮಗೂನ ಯಾಕ್ ತಾತ ಕಳಿಸ್ತಿಲ್ಲ?’

‘ಕೆಮ್ಮು ಬೀಡಿ ಪರಿಣಾಮ, ಲಿವರ್ ಓಗೋದು ಸಾರಾಯಿ ಪರಿಣಾಮ ಅಂತ ರೇಡಿಯೋದಾಗೆ ಯೋಳ್ತಾರೆ. ನೀನು ನಮ್ಮನ್ನ ಕೋತಿ ಪರಿಣಾಮ ಅಂದ್ಯಂತೆ. ನಾವೇನ್ ಕಾಯ್ಲೆನಾ ಟೀಚರಮ್ಮ?’

ನಗು ಬಂದಿತು, ತಡೆದುಕೊಂಡೆನು. ತಮಿಳಿನ ಆ ಪದಕ್ಕೆ ಕನ್ನಡದಲ್ಲಿ ವಿಕಾಸ ಎನ್ನುತ್ತಾರೆಂದೂ, ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಅಷ್ಟಿಷ್ಟು ಬದಲಾಗುತ್ತ ಬರುವುದೇ ಅದರ ಅರ್ಥವೆಂದೂ ವಿವರಿಸಿದೆನು. ಅವರ ಮುಖ ಸಡಿಲವಾಯಿತು.

‘ಅಷ್ಟೇಯಾ! ಅಂಗಾದ್ರೆ ಕೋತಿ ಸಮಾಚಾರವೇ ಇಲ್ಲ ಅನ್ನು.’

ಹೌದೆಂದು ತಲೆಯಾಡಿಸಿದ್ದರೆ ಸದರಿ ವಿಷಯ ಅಲ್ಲಿಗೆ ಮುಕ್ತಾಯವಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

‘ಐತೆ ತಾತ,’ ಎಂದೆನು. ‘ನಾವು ಕೋತಿಗೆ ಉಟ್ದೋರಲ್ಲ. ಆದ್ರೆ ಬಾಳ ಬಾಳ ತಲೆಮಾರು ಇಂದಕ್ಕೋದ್ರೆ ನಮ್ಗೂ ಅದುಕ್ಕೂ ಮೂಲ ಒಂದೇ. ಅದನ್ನ ಬುಟ್ಟು ಪಾಠ ಮಾಡಾಕೆ ನನ್ ಕೈಲಾಗಲ್ಲ.’

‘ನಮ್ ದೇವ್ರು?’

‘ದೇವ್ರ ಮಾತು ಆ ಪಾಠದಾಗಿಲ್ಲ. ನಾನೂ ಎತ್ತಾಕಿಲ್ಲ.’

ಅವರು ಕುರಿಯ ಕಾಲನ್ನು ಬಿಟ್ಟರು. ಅದು ಕುಂಟುತ್ತ ಹಿಂಡಿಗೆ ಸೇರುವವರೆಗೆ ನೋಡುತ್ತಿದ್ದರು.

‘ಇಲ್ಲ ಅಂದು ಕರ್ಕಂಡೋಗ್ಬೌದಿತ್ತು ನೀನು. ನಾನಂತೂ ಒಪ್ಪಲ್ಲ. ನಾಳೀಕೆ ನಾನೂ ಬತ್ತೀನಿ, ನನ್ ಮುಂದೆ ಮಾಡು.’

ಅದರಂತೆ ಮರುದಿನ ಕಂಬಳಿ ಹೆಗಲಿಗೇರಿಸಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಮೊಮ್ಮಗಳು ಮೊದಲಿನ ಬೆಂಚಿನಲ್ಲಿದ್ದಳು. ಕರಿಹಲಗೆಯ ಮೇಲೆ ‘ಪರಿಣಾಮಂ’ ಎಂದು ತಮಿಳಿನಲ್ಲಿ ಬರೆದು, ಕೆಳಗೆ ‘ವಿಕಾಸ’ ಎಂದು ಕನ್ನಡದಲ್ಲಿ ಬರೆದೆನು. ಆ ಲಿಪಿ ಅಲ್ಲಿ ಯಾರಿಗೂ ಬಾರದ ಕಾರಣ ಗಟ್ಟಿಯಾಗಿ ಓದಿ ಹೇಳಿದೆನು.

‘ಕೋತಿ ಬರೋದು ಎಷ್ಟೊತ್ಗೆ?’ ಎಂದು ತಾತ ಹಿಂದಿನಿಂದ ಕೇಳಿದರು. ಮಕ್ಕಳು ನಕ್ಕರು.

‘ಬತ್ತೈತೆ, ಕೂತ್ಕಳಿ,’ ಎಂದು ಉತ್ತರಿಸಿ, ಪಾಠವನ್ನು ಮೊದಲ ಸಾಲಿನಿಂದ ಪುನಃ ಆರಂಭಿಸಿದೆನು.