ಯುನ್-ಹಾಳ ಗಂಡ ಯಾರನ್ನೂ ಎಳೆಯಲಿಲ್ಲ

ಸತ್ತ ಮನುಷ್ಯನ ಮೇಲೆ ಕೊಲೆಯತ್ನದ ಆಪಾದನೆ ಹೊರಿಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾನು ಕಣ್ಣಾರೆ ಕಂಡಿದ್ದೇನೆ. ಹೊರಿಸಿದವರೇನು ಹುಚ್ಚರಲ್ಲ. ದಿನಾ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಗಂಜಿ ಕುಡಿದು, ಬಾಯಿ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಗಂಡಸರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಸತ್ತವನ ಹೆಸರು ಕಾಮ್-ಬೋ. ಅವನ ಹೆಂಡತಿ ಯುನ್-ಹಾ. ನಾನು ಹೇಳಹೊರಟಿರುವುದು ಅವಳ ಕಥೆ.

ಯುನ್-ಹಾ ಹುಟ್ಟಿ ಬೆಳೆದದ್ದು ನಮ್ಮ ನಗರದ ಇನ್ನೊಂದು ತುದಿಯ ಆಬರ್ಡೀನ್ ಬಂದರಿನ ಮೀನುಗಾರರ ದೋಣಿಯಲ್ಲಿ. ಮದುವೆಯಾಗಿ ನಮ್ಮ ತಾಯ್ ಕೋಕ್ ಚೂಯ್ ಬಡಾವಣೆಗೆ ಬಂದ ಹೊಸದರಲ್ಲಿ, ಅಲುಗಾಡದ ನೆಲದ ಮೇಲೆ ಮಲಗಿದರೆ ತಲೆ ಸುತ್ತುತ್ತದೆ ಎನ್ನುತ್ತಿದ್ದಳು. ನಾವು ಬಿದ್ದು ಬಿದ್ದು ನಕ್ಕಿದ್ದೆವು. ಅವಳಿಗೆ ಸಿಟ್ಟು ಬರಲಿಲ್ಲ, ಅವಳೂ ನಕ್ಕಳು. ಮಾತು ಕಡಿಮೆ, ನಗು ಜೋರು. ಗಂಜಿಗೆ ಮೆಣಸಿನ ಪುಡಿ ಸುರಿದುಕೊಳ್ಳುವುದನ್ನು ನೋಡಿದರೆ ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಅಂಗಡಿಯ ಪಕ್ಕದ ಬಿದಿರಿನ ಮಂಡಿಯಲ್ಲಿ ಗಳುಗಳನ್ನು ಆರಿಸಿ ಕಟ್ಟು ಕಟ್ಟುವ ಕೆಲಸ ಅವಳದು. ಗಂಡ ಕಾಮ್-ಬೋ ಅದೇ ಬಿದಿರಿನಿಂದ, ಕೆಲಸಗಾರರು ಗೋಡೆಯ ಬದಿ ಹತ್ತಿ ನಿಲ್ಲುವ ಸಾರುವೆ ಕಟ್ಟುವವನು. ಹೊಸ ಕಟ್ಟಡ ಏಳಲಿ, ಹಳೇ ಗೋಡೆಯ ಕೊಳವೆ ಸೋರಲಿ, ಮೊದಲು ಹತ್ತುವವರು ಇವರೇ. ಮೇಲಿನಿಂದಲೇ ಅವಳನ್ನು ಕೂಗಿ, "ಊಟ ಆಯ್ತಾ?" ಎಂದು ಕೇಳುತ್ತಿದ್ದ. ಬೀದಿಗೆಲ್ಲ ಕೇಳಿಸುತ್ತಿತ್ತು. ಅವಳು ನಾಚಿಕೊಂಡು ತಲೆ ಬಗ್ಗಿಸುತ್ತಿದ್ದಳು.

ಒಂದು ದಿನ ನಮ್ಮೆದುರಿನ ಕಟ್ಟಡದ ಹಿಂಬದಿ ಗೋಡೆಯಿಂದ ಕಾಮ್-ಬೋ ಬಿದ್ದು ಸತ್ತ. ಆಗ ಯುನ್-ಹಾ ನನ್ನ ಅಂಗಡಿಯಲ್ಲೇ ಕೂತಿದ್ದಳು. ಓಡಿ ಬಂದವನು ವಿಷಯ ಹೇಳಿದಾಗ ಅವಳು ಅಳಲಿಲ್ಲ, ಕಿರುಚಲಿಲ್ಲ. "ಯಾರ ಗಂಡ?" ಎಂದು ಕೇಳಿದಳು. ಮತ್ತೆ ಹೇಳಿದರು. ಮತ್ತೆ, "ಯಾರ ಗಂಡ?" ಅಂದಳು. ನಾನು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

ಮುಂದಿನದನ್ನೆಲ್ಲ ನೋಡಿಕೊಂಡವನು ನನ್ನ ಅಣ್ಣ, ಚಾಯ್ ಪಿಂಗ್-ಕ್ವಾನ್. ಆ ಕೆಲಸದ ಮೇಸ್ತ್ರಿ ಅವನೇ. ಎಲ್ಲರೂ ಅವನನ್ನು ಚಾಯ್ ಸಿಫೂ ಎನ್ನುತ್ತಾರೆ. ಕೆಲಸ ಕಲಿಸಿದ ಗುರುವನ್ನು ನಮ್ಮಲ್ಲಿ ಹಾಗೇ ಕರೆಯುವುದು. ಶವಸಂಸ್ಕಾರ ಮಾಡಿಸಿದ. ಸಾರುವೆಯವರ ಸಂಘದ ಮನೆಯಲ್ಲಿ, ಅವರ ಕಸುಬಿನ ದೇವರು ಲೋ ಪಾನ್‌ನ ಪೀಠದ ಪಕ್ಕ, ಕಾಮ್-ಬೋನ ಹೆಸರು ಕೆತ್ತಿದ ಮರದ ಫಲಕ ಇಡಿಸಿದ. ಸತ್ತವನು ಆ ಫಲಕದಲ್ಲಿ ನೆಲೆಸುತ್ತಾನೆ, ಹಬ್ಬಕ್ಕೆ ಅನ್ನ, ಧೂಪ ಪಡೆಯುತ್ತಾನೆ. ಯುನ್-ಹಾ ನನ್ನಣ್ಣನ ಕಾಲಿಗೆ ಬೀಳುವುದೊಂದು ಬಾಕಿ. ನನಗೂ ಹೆಮ್ಮೆಯಿಂದ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ವರ್ಷ ಕಳೆಯಿತು. ಅದೇ ಗೋಡೆಯಿಂದ ಇನ್ನೊಬ್ಬ ಬಿದ್ದ. ಹೆಸರು ತಿನ್-ಲೋಯ್. ನಮ್ಮ ಮಾತಿನಲ್ಲಿ 'ಆಕಾಶದಿಂದ ಬಂದವನು' ಎಂದರ್ಥ. ಕೆಳಗಿದ್ದ ತಗಡಿನ ಚಪ್ಪರದ ಮೇಲೆ ಬಿದ್ದು, ಚಪ್ಪರ ತೂತಾಗಿ, ಕಾಲು ಮುರಿದು, ಬದುಕಿಕೊಂಡ. ಅಬ್ಬಾ, ಪುಣ್ಯಕ್ಕೆ ಉಳಿದನಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪಿಸುಮಾತು ಶುರುವಾಯಿತು.

"ಕಾಮ್-ಬೋ ಬದಲಿ ಆಳು ಹುಡುಕ್ತಿದ್ದಾನೆ ಕಣ್ರೋ."

ಎತ್ತರದಿಂದ ಬಿದ್ದು ಸತ್ತವನಿಗೆ ಮುಕ್ತಿಯಿಲ್ಲ, ತನ್ನ ಜಾಗಕ್ಕೆ ಇನ್ನೊಬ್ಬನನ್ನು ಎಳೆದು ಕೆಡವಿದರೆ ಮಾತ್ರ ಅವನಿಗೆ ಮರುಹುಟ್ಟು ಎಂದು ನಮ್ಮಲ್ಲಿ ನಂಬುತ್ತಾರೆ. ಅಂದಮೇಲೆ ತಿನ್-ಲೋಯ್‌ನನ್ನು ಎಳೆದವನು ಕಾಮ್-ಬೋನೇ! ಯುನ್-ಹಾ ಮುಟ್ಟಿದ ಬಿದಿರು ಹತ್ತುವುದಿಲ್ಲ ಎಂದರು ಗಂಡಸರು. ಮಂಡಿಯವನು ಅವಳನ್ನು ಕೆಲಸದಿಂದ ಬಿಡಿಸಿದ. ಕೊನೆಗೆ ಸಂಘದವರು ತೀರ್ಮಾನಿಸಿದರು: ಲೋ ಪಾನ್‌ನ ಹಬ್ಬಕ್ಕೆ ಮೊದಲು ಫಲಕ ಕೆಳಗಿಳಿಸಬೇಕು, ಪೂಜಾರಿಯನ್ನು ಕರೆಸಿ ಆತ್ಮವನ್ನು ಓಡಿಸಬೇಕು.

ಯುನ್-ಹಾ ನನ್ನ ಅಂಗಡಿಗೆ ಬಂದು ಕೂತಳು.

"ಅಕ್ಕಾ, ಓಡಿಸಿದ್ರೆ ಅವರು ಎಲ್ಲಿಗೆ ಹೋಗ್ತಾರೆ? ಅನ್ನ ಯಾರು ಇಡ್ತಾರೆ? ಬದುಕಿದ್ದಾಗ ಒಂದು ಬೆಕ್ಕನ್ನೂ ಎಳೆದು ಕೆಡವಿದೋರಲ್ಲ ಅವರು."

ಫಲಕ ಇಳಿಸುವವನು ಯಾರು ಗೊತ್ತೇ? ನನ್ನಣ್ಣ. ಇಡಿಸಿದವನೂ ಅವನೇ, ಇಳಿಸುವವನೂ ಅವನೇ!

ಫಲಕ ಇಳಿಸುವ ದಿನ ಬೆಳಿಗ್ಗೆ ತಿನ್-ಲೋಯ್ ಊರುಗೋಲು ಕುಟ್ಟಿಕೊಂಡು ನನ್ನ ಅಂಗಡಿಗೆ ಬಂದ. ಮೂಲೆಯ ಮೇಜಿನಲ್ಲಿ ತಾಮ್ ಮಾಸ್ತರು ಕೂತಿದ್ದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಜಿಗಿಂತ ಹೆಚ್ಚು ಹೊತ್ತು ಪೇಪರ್ ಓದುವ ಆಸಾಮಿ. ಯುನ್-ಹಾ ನನ್ನ ಪಕ್ಕದಲ್ಲಿದ್ದಳು.

"ಬಾರಪ್ಪಾ, ಆಕಾಶದಿಂದ ಬಂದವನೇ," ಎಂದೆ ನಾನು. "ಹೆಸರಿಗೆ ತಕ್ಕ ಹಾಗೇ ಇಳಿದುಬಿಟ್ಟೆಯಲ್ಲ!"

ಅವನು ನಗಲಿಲ್ಲ. ನೇರ ಯುನ್-ಹಾಳ ಮುಂದೆ ನಿಂತ. "ಅತ್ತಿಗೆ, ನನ್ನನ್ನ ಯಾರೂ ಎಳೀಲಿಲ್ಲ. ಕುನ್ ಯಾಮ್ ದೇವಿಯಾಣೆ. ಎಳೆದಿದ್ರೆ ಗೊತ್ತಾಗ್ತಿರಲಿಲ್ವಾ? ತಮಾಷೆ ಅಂದ್ರೆ, ಬೀಳ್ತಾ ಇದ್ನಲ್ಲ, ಆಗ ಭೂಮಿ ಕೂಡ ಎಳೀತಾ ಇದೆ ಅನ್ನಿಸ್ಲಿಲ್ಲ. ಸೊಂಟದ ಸಾಮಾನಿನ ಚೀಲ ದಿನವಿಡೀ ಜಗ್ಗಿ ಜಗ್ಗಿ ಸಾಯಿಸುತ್ತೆ. ಆಗ ಅದಕ್ಕೆ ಭಾರಾನೇ ಇರಲಿಲ್ಲ! ಹೂವಿನ ಥರ. ಇದನ್ನ ಹೇಳಿದ್ರೆ, ತಲೆಗೆ ಪೆಟ್ಟು ಬಿದ್ದಿದೆ ಅಂತ ನಗ್ತಾರೆ."

ತಾಮ್ ಮಾಸ್ತರು ಪೇಪರ್ ಮಡಚಿದರು. "ತಲೆ ಸರಿಯಾಗೇ ಇದೆ ಕಣಯ್ಯಾ. ಭೂಮಿ ನಿನ್ನನ್ನ ಎಳೀಲೇ ಇಲ್ಲ."

"ಏನಂದ್ರಿ?" ಎಂದೆ ನಾನು. ನಮ್ಮ ಮಾತಿನಲ್ಲಿ ಗುರುತ್ವಾಕರ್ಷಣೆಯ ಹೆಸರೇ 'ಭೂಮಿಯ ಎದೆಯ ಹೀರುವ ಬಲ'. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು. "ಮಾಸ್ತರೇ, ಬಿಸಿಲು ತಲೆಗೇರಿದೆಯಾ? ಜೀವಮಾನವಿಡೀ ಮಕ್ಕಳಿಗೆ ಆ ಹೆಸರು ಕಲಿಸಿದೋರು ನೀವೇ ಅಲ್ವಾ?"

"ಕಲಿಸ್ದೆ. ಪರೀಕ್ಷೆಗೆ ಅದೇ ಬರ್ತಿತ್ತು. ಹೆಸರು ತಪ್ಪು ಕಣಮ್ಮಾ. ಯಾರೂ ಹೀರಲ್ಲ, ಯಾರೂ ಎಳೆಯಲ್ಲ." ಅವರು ನನ್ನ ಗಲ್ಲಾಪೆಟ್ಟಿಗೆಯ ಮೇಲಿದ್ದ ಚಕ್ಕೋತದ ಹಣ್ಣನ್ನು ಎತ್ತಿಕೊಂಡು, ಜೇಬಿನ ಪೆನ್ನಿನಿಂದ ಅದರ ನಡುಸೊಂಟದಲ್ಲಿ ಎರಡು ಚುಕ್ಕೆ ಇಟ್ಟರು. ಮಾರುವ ಹಣ್ಣಲ್ಲ, ಸುಮ್ಮನಿದ್ದೆ. "ಇವು ಎರಡು ಇರುವೆ ಅಂತ ಇಟ್ಕೋ. ಎರಡೂ ಪಕ್ಕಪಕ್ಕ ಹೊರಟು ನೆಟ್ಟಗೆ ತೊಟ್ಟಿನ ಕಡೆ ಹೋಗ್ತವೆ. ಎಡಕ್ಕೂ ತಿರುಗಲ್ಲ, ಬಲಕ್ಕೂ ತಿರುಗಲ್ಲ." ಎರಡು ಗೆರೆ ಎಳೆದರು. ಗೆರೆಗಳು ಹತ್ತಿರ ಹತ್ತಿರ ಬಂದು ತೊಟ್ಟಿನಲ್ಲಿ ಕೂಡಿಬಿಟ್ಟವು. "ಇರುವೆಗಳು ಡಿಕ್ಕಿ ಹೊಡೆದ್ವು. ಒಂದನ್ನೊಂದು ಎಳೆದ್ವಾ?"

"ಇಲ್ಲ," ಎಂದ ತಿನ್-ಲೋಯ್. "ಹಣ್ಣು ದುಂಡಗಿದೆ ಅಷ್ಟೇ."

"ಅಷ್ಟೇ! ದಾರಿಯೇ ಬಾಗಿದೆ. ಈಗ ಕೇಳು. ನೀನು ಸುಮ್ಮನೆ ಕೂತಿದ್ರೂ ಪ್ರಯಾಣ ಮಾಡ್ತಾನೇ ಇದ್ದೀಯ. ಇವತ್ತಿನಿಂದ ನಾಳೆಗೆ. ಜಾಗ ಬೇರೆ, ಕಾಲ ಬೇರೆ ಅಲ್ಲ, ಎರಡೂ ಸೇರಿ ಒಂದೇ. ಭೂಮಿಯಂಥ ದೊಡ್ಡ ವಸ್ತು ಇದ್ದ ಕಡೆ ಅದು ಬಾಗುತ್ತೆ. ಕಾಲವೂ ಬಾಗುತ್ತೆ. ಮೇಲಿನ ಮಹಡಿಯ ಗಡಿಯಾರ ಬೀದಿಯ ಗಡಿಯಾರಕ್ಕಿಂತ ಕೂದಲೆಳೆಯಷ್ಟು ಬೇಗ ಓಡುತ್ತೆ. ಅಳೆದು ನೋಡಿದ್ದಾರೆ."

ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಎದುರಿನ ಕಟ್ಟಡದಲ್ಲಿ ಮಹಡಿಗೊಂದು ಕಾಲವಂತೆ! ಇಷ್ಟು ವರ್ಷ ಅದರ ಮುಂದೆ ಗಂಜಿ ಮಾರಿದ್ದೇನೆ, ನನಗೊಬ್ಬರೂ ಹೇಳಲಿಲ್ಲವಲ್ಲ!

"ಹಾಗಾದ್ರೆ ಮೇಲೆ ಕೆಲಸ ಮಾಡೋ ನಮಗೆ ಬೇಗ ವಯಸ್ಸಾಗುತ್ತೆ ಅನ್ನಿ," ಎಂದ ತಿನ್-ಲೋಯ್.

"ಆಗುತ್ತೆ, ನಿನ್ನ ಹೆಂಡತಿಗೆ ಗೊತ್ತಾಗುವಷ್ಟಲ್ಲ ಬಿಡು. ಚಂದ್ರ ಭೂಮಿಯನ್ನ ಸುತ್ತುತ್ತೆ ಅಂತೀವಿ. ಅದರ ಮಟ್ಟಿಗೆ ಅದು ನೆಟ್ಟಗೇ ಹೋಗ್ತಾ ಇದೆ, ಬಾಗಿದ ದಾರೀಲಿ. ನೀನು ಬಿದ್ದಾಗಲೂ ನಿನ್ನ ನೆಟ್ಟನೆ ದಾರೀಲಿ ಹೋದೆ. ಯಾರೂ ಮುಟ್ಟಲಿಲ್ಲ. ಅದಕ್ಕೇ ಭಾರ ಇರಲಿಲ್ಲ."

"ಮತ್ತೆ ಈಗ ನನಗೆ ಭಾರ ಇದೆಯಲ್ಲ?" ಎಂದು ನಾನು ಜಗಳಕ್ಕೇ ಇಳಿದೆ. "ಸಂಜೆಯಾದ್ರೆ ಮೊಣಕಾಲು ಕಿತ್ತು ಬರುತ್ತೆ. ಅದೇನು ಸುಳ್ಳಾ?"

"ಅದು ಎಳೆಯೋದಲ್ಲ, ತಳ್ಳೋದು. ನೆಲ ನಿನ್ನ ಪಾದವನ್ನ ಮೇಲಕ್ಕೆ ತಳ್ತಾ ಇದೆ. ನಿನ್ನ ದಾರಿಗೆ ಹೋಗೋಕೆ ಬಿಡದೆ ಹಿಡ್ಕೊಂಡಿದೆ. ಆ ಹಿಡಿತಕ್ಕೇ ನಾವು ಭಾರ ಅನ್ನೋದು."

ಯುನ್-ಹಾ ತಲೆಯೆತ್ತಿದಳು.

"ಮಾಸ್ತರೇ, ಅಂದ್ರೆ ಒಬ್ಬರು ಮೇಲೆ ನಿಂತಿದ್ದಾರೆ ಅಂದ್ರೆ, ಏನೋ ಒಂದು ಅವರನ್ನ ಹಿಡ್ಕೊಂಡಿರಬೇಕು?"

"ಹೌದಮ್ಮಾ. ಕ್ಷಣಕ್ಷಣವೂ."

"ಬಿದ್ದರೆ?"

"ಬಿದ್ದಾಗ ಯಾರೂ ಏನೂ ಮಾಡಬೇಕಾಗಿಲ್ಲ. ಹಿಡಿದಿದ್ದು ಬಿಟ್ಟುಹೋಯ್ತು, ಅಷ್ಟೇ. ಬೀಳೋಕೆ ಕಾರಣ ಬೇಡ. ನಿಲ್ಲೋಕೆ ಬೇಕು."

ಅವಳು ಚಮಚ ಕೆಳಗಿಟ್ಟಳು. ಎದ್ದು ನಡೆದೇಬಿಟ್ಟಳು. ನಾನು ಒಲೆ ಆರಿಸಿ, ಸೊಂಟಕ್ಕೆ ಕಟ್ಟಿದ್ದ ಅಂಗಡಿಯ ಬಟ್ಟೆಯನ್ನೂ ಬಿಚ್ಚದೆ ಹಿಂದೆ ಓಡಿದೆ. ತಿನ್-ಲೋಯ್ ಕುಂಟಿಕೊಂಡು ಬಂದ.

ಸಂಘದ ಮನೆ ಇರುವುದು ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ. ಒಳಗೆ ಗಂಡಸರು ಕಿಕ್ಕಿರಿದಿದ್ದರು. ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲ. ಅಣ್ಣ ಸ್ಟೂಲಿನ ಮೇಲೆ ಹತ್ತಿ ಫಲಕವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದ. ನಮ್ಮನ್ನು ನೋಡಿ ಕೆಳಗಿಳಿದು ಅದನ್ನು ಮೇಜಿನ ಮೇಲಿಟ್ಟ. "ಬರಬಾರದಿತ್ತಮ್ಮಾ ನೀನು," ಎಂದ ಯುನ್-ಹಾಳಿಗೆ. ದನಿ ಮೃದುವಾಗಿಯೇ ಇತ್ತು. "ನನಗೇನು ಖುಷೀನಾ ಇದು? ಕಾಮ್-ಬೋ ನನ್ನ ತಮ್ಮನ ಹಾಗಿದ್ದ. ಆದ್ರೆ ಅವನು ಹುಡುಗರನ್ನ ಎಳೀತಿದ್ದಾನೆ, ನಾನೇನು ಮಾಡ್ಲಿ?"

"ಸಿಫೂ, ಒಂದೇ ಮಾತು ಕೇಳ್ತೀನಿ," ಎಂದಳು ಯುನ್-ಹಾ. "ಎಳೆದೋರು ಯಾರು ಅಂತ ಕೇಳಲ್ಲ. ಅವತ್ತು ಅವರು ಮೇಲೆ ನಿಂತಿದ್ರಲ್ಲ, ಆಗ ಅವರನ್ನ ಹಿಡ್ಕೊಂಡಿದ್ದು ಯಾವುದು?"

"ಇದೆಂಥಾ ಪ್ರಶ್ನೆ? ಬಿದಿರು."

"ಬಿದಿರನ್ನ ಹಿಡ್ಕೊಂಡಿದ್ದು?"

"ಗೋಡೆಗೆ ಹೊಡೆದ ಕಬ್ಬಿಣದ ಬ್ರಾಕೆಟ್ಟು. ಎಲ್ಲರಿಗೂ ಗೊತ್ತಿರೋದೇ."

"ಎಷ್ಟು ಹೊಡೆದಿದ್ರಿ?"

ಅಣ್ಣ ಮೇಜಿನ ಮೇಲಿನ ಫಲಕವನ್ನು ನೆಟ್ಟಗೆ ಸರಿಸಿದ. ನೆಲ ಮುಟ್ಟದೆ ಗೋಡೆಯಿಂದಲೇ ಚಾಚಿಕೊಂಡಿರುವ ಆ ಥರದ ಸಾರುವೆಗೆ ಮೂರು ಬ್ರಾಕೆಟ್ಟು ಬೇಕು. ಅಲ್ಲಿದ್ದ ಪ್ರತಿಯೊಬ್ಬನಿಗೂ ಅದು ಗೊತ್ತು, ಗಂಜಿ ಮಾರುವ ನನಗೂ ಗೊತ್ತು. ಮೂರು ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳೋ ಅಣ್ಣಾ, ಹೇಳೋ!

ಹಿಂದಿನಿಂದ ತಿನ್-ಲೋಯ್ ಹೇಳಿದ: "ನನ್ನ ಕಾಲ ಕೆಳಗೆ ಎರಡೇ ಇತ್ತು, ಸಿಫೂ. ಚಿಕ್ಕ ಕೆಲಸ, ಬೇಗ ಮುಗಿಸು, ಮೂರನೇದು ಬೇಡ ಅಂದ್ರಿ. ಬಿದ್ದ ಮೇಲೆ, ಕೆಲಸ ಕಲಿಸಿದ ಗುರು ಅಂತ ನಿಮ್ಮ ಮುಖ ನೋಡಿ ನಾನೇ ಅದನ್ನ ಯಾರಿಗೂ ಹೇಳ್ಲಿಲ್ಲ."

"ನಮ್ಮವರ ಕಾಲ ಕೆಳಗೆ?" ಎಂದಳು ಯುನ್-ಹಾ.

ಅಣ್ಣ ನನಗೆ ಗುರುತೇ ಸಿಗದ ದನಿಯಲ್ಲಿ, "ಅವತ್ತೂ ಎರಡೇ," ಎಂದ.

ಬದಲಿ ಆಳಿನ ಮಾತು ಮೊದಲು ಹೊರಟದ್ದು ನನ್ನ ಅಂಗಡಿಯಲ್ಲೇ. ಯಾರ ಬಾಯಿಂದ ಎಂಬುದೂ ಆ ಕ್ಷಣ ಹೊಳೆಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಧೂಪ ಹಚ್ಚಿದವನು, ತನ್ನ ತಪ್ಪನ್ನು ಸತ್ತವನ ಕೈಗೆ ಕೊಟ್ಟುಬಿಟ್ಟಿದ್ದ! ನನ್ನ ಒಡಹುಟ್ಟಿದವನು! ಪೂಜಾರಿ ತನ್ನ ಗಂಟೆಯನ್ನು ಚೀಲದೊಳಗೆ ಇಟ್ಟುಕೊಂಡ.

ಅಣ್ಣ ಸ್ಟೂಲಿನ ಕಡೆ ತಿರುಗಿದ. "ವಾಪಸ್ ಇಡ್ತೀನಮ್ಮಾ. ಈಗಲೇ ಇಡ್ತೀನಿ."

"ಬೇಡ." ಯುನ್-ಹಾ ಫಲಕವನ್ನು ತಾನೇ ಎತ್ತಿಕೊಂಡಳು. ಬಟ್ಟೆಯಲ್ಲಲ್ಲ, ಬರಿಗೈಯಲ್ಲೇ ಅದರ ಮೇಲಿನ ಧೂಪದ ಬೂದಿ ಒರೆಸಿದಳು. ಅಣ್ಣನ ಎದುರು ನಿಂತು ಅದನ್ನು ಅವನ ಎದೆಗೆ ಒತ್ತಿದಳು.

"ಹಿಡ್ಕೋ."

ಜನ್ಮದಲ್ಲಿ ಅವಳು ಅವನಿಗೆ 'ನೀವು' ಬಿಟ್ಟು ಬೇರೆ ಮಾತಾಡಿದವಳಲ್ಲ. ಅವನು ಎರಡೂ ಕೈ ಚಾಚಿ ಹಿಡಿದುಕೊಂಡ.

"ನಾನು ಪೊಲೀಸರನ್ನ ಕರ್ಕೊಂಡು ಬರೋವರೆಗೂ ಹೀಗೇ ಹಿಡ್ಕೊಂಡು ನಿಂತಿರು. ಮೇಜಿನ ಮೇಲೆ ಇಡ್ಬೇಡ, ಬೇರೆಯವರ ಕೈಗೆ ಕೊಡ್ಬೇಡ. ಇವತ್ತಾದ್ರೂ ಅವರನ್ನ ಬಿಡ್ಬೇಡ."

ಅಣ್ಣ ಗುಂಪಿನಲ್ಲಿ ನನ್ನ ಮುಖ ಹುಡುಕಿದ. "ಫೋಂಗ್," ಎಂದು ಕರೆದ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೇ. ನಾನು ಯುನ್-ಹಾಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದೆ.